ಡಿಗ್ರಿ ಎಂದರೆ ಯಾರ ಡಿಗ್ರಿ?

ಒಬ್ಬ ಮನುಷ್ಯನಿಗೆ ಬಲವಾದ ಜ್ವರ ಬಂದಿದೆ ಎಂದು ಇಟ್ಟುಕೊಳ್ಳೋಣ. ನಮ್ಮ ಡಾಕ್ಟರರು ಉಷ್ಣಮಾಪಕವನ್ನಿಟ್ಟು ನೋಡಿ ೧೦೪ ಎನ್ನುತ್ತಾರೆ. ಅದೇ ರೋಗಿಯನ್ನು ಈಗ ಪ್ಯಾರಿಸ್ಸಿನಲ್ಲಿ ನೋಡಿದರೆ ೪೦ ಎನ್ನುವರು. ೧೭೮೦ರ ಸುಮಾರಿನಲ್ಲಿ ಅದೇ ಪ್ಯಾರಿಸ್ಸಿನ ಮಾಪಕವು ೩೨ ತೋರಿಸುತ್ತಿತ್ತು. ಆ ಕಾಲದ ರಶಿಯಾದ ಮಾಪಕವಾದರೆ ೯೦. ೧೭೪೨ರಲ್ಲಿ ಸ್ವೀಡನ್ ದೇಶದ ಉಪ್ಸಾಲದಲ್ಲಿ ೬೦. ೧೭೦೨ರ ಸುಮಾರಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ೨೮.೫, ಅದಕ್ಕೂ ಒಂದು ವರ್ಷ ಮೊದಲು ಲಂಡನ್ನಿನಲ್ಲಿ ನ್ಯೂಟನ್ನನು ಪ್ರಕಟಿಸಿದ ಮಾನದಲ್ಲಿ ಸುಮಾರು ೧೩. ರೋಗಿ ಒಬ್ಬನೇ, ಮೈ ಸುಡುವುದೂ ಒಂದೇ, ಲೆಕ್ಕ ಮಾತ್ರ ಏಳು. ಇವುಗಳಲ್ಲಿ ಒಂದೂ ಸುಳ್ಳಲ್ಲ.

ಇನ್ನೊಂದು ಸ್ವಾರಸ್ಯವನ್ನೂ ನೋಡಿರಿ. ಹಳೆಯ ರಶಿಯಾ ಮತ್ತು ಉಪ್ಸಾಲದ ಮಾಪಕಗಳಲ್ಲಿ ಜ್ವರ ಏರಿದಂತೆ ಅಂಕೆ ಇಳಿಯುತ್ತಿತ್ತು. ಹಳೆಯ ಪ್ಯಾರಿಸ್ಸಿನಲ್ಲಿ ರೋಗಿ ಕನವರಿಸುವಂಥ ೩೨, ನಮ್ಮ ಡಾಕ್ಟರರ ಮಾನದಲ್ಲಿ ಬರ್ಫ ಕರಗುವ ೩೨. ಹೀಗಿರಲು ಬರಿಯ ಅಂಕೆಯನ್ನು ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಅದು ಯಾರ ಡಿಗ್ರಿ ಎಂಬುದನ್ನೂ ಹೇಳಬೇಕು. ಈ ಸಲದ ಪಾಠಕ್ಕೆ ಇದನ್ನೇ ತೆಗೆದುಕೊಂಡಿದ್ದೇವೆ. ಔಷಧದ ಅಂಗಡಿಯಲ್ಲಿ ಈಗ ಸಿಗುವ ಉಷ್ಣಮಾಪಕಗಳಲ್ಲಿ ಕೆಲವು ಒಂದು ಮಾನದಲ್ಲಿ, ಕೆಲವು ಇನ್ನೊಂದರಲ್ಲಿ ಅಂಕೆ ತೋರಿಸುತ್ತವೆ. ಹಲವು ಎರಡರಲ್ಲಿಯೂ ತೋರಿಸುತ್ತವೆ. ಮನೆಯಲ್ಲಿ ಮಕ್ಕಳಿರುವವರು ಇದನ್ನು ತಿಳಿಯದೆ ಇರಬಾರದು. ಆ ಮಾತು ಮುಂದೆ ಬರುತ್ತದೆ.

ಮೊದಲು ಒಂದು ಮೂಲ ಪ್ರಶ್ನೆ. ಬಟ್ಟೆಯನ್ನು ಅಳೆಯಬೇಕಾದರೆ ಗಜಕೋಲನ್ನು ಅದರ ಪಕ್ಕಕ್ಕೆ ಇಡುತ್ತೇವೆ. ಅಕ್ಕಿಯಾದರೆ ತಕ್ಕಡಿಯ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಅಕ್ಕಿ. ಬಿಸಿಯ ಪಕ್ಕಕ್ಕೆ ಏನನ್ನು ಇಡುವುದು? ಕೈಯನ್ನು ನಂಬುವಂತಿಲ್ಲ. ಒಂದು ಕೈಯನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಬಿಸಿನೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಂದೇ ಉಗುರುಬೆಚ್ಚನೆಯ ನೀರಿಗೆ ಅದ್ದಿರಿ: ಒಂದು ಕೈಗೆ ಅದು ಬಿಸಿ, ಇನ್ನೊಂದಕ್ಕೆ ತಂಪು. ಆದುದರಿಂದ ಬಿಸಿಯನ್ನು ನೇರವಾಗಿ ಅಳೆಯುವುದಿಲ್ಲ. ಬಿಸಿಗೆ ಹಿಗ್ಗುವ ಒಂದು ಪದಾರ್ಥವನ್ನು ಗಾಜಿನ ನಳಿಗೆಯಲ್ಲಿಟ್ಟು, ಅದು ಎಷ್ಟು ಏರಿತು ಎಂಬುದನ್ನು ನೋಡುತ್ತೇವೆ. ಆದರೆ ಒಂದು ನಳಿಗೆ ಸಪೂರ, ಇನ್ನೊಂದು ದಪ್ಪ. ಒಂದರ ಬುಡ್ಡಿ ದೊಡ್ಡದು, ಇನ್ನೊಂದರದು ಸಣ್ಣದು. ಎರಡೂ ಒಂದೇ ಮಾತು ಹೇಳಬೇಕಾದರೆ ಎಲ್ಲ ಊರಿನಲ್ಲಿಯೂ ಎಲ್ಲ ಕಾಲದಲ್ಲಿಯೂ ಬದಲಾಗದ ಎರಡು ಗುರುತುಗಳು ಬೇಕು. ಅವುಗಳಿಗೆ ಸ್ಥಿರಬಿಂದುಗಳೆನ್ನುವರು. ನಡುವಿನ ಅಂತರವನ್ನು ಎಷ್ಟು ಪಾಲು ಮಾಡುವುದೆಂಬುದು ಅವರವರ ಇಷ್ಟ. ಮುಂಬಯಿಯ ಮಣ ೨೮ ರಾತ್ತಲು, ಮದ್ರಾಸಿನ ಮಣ ೨೫ ರಾತ್ತಲು ಎಂದು ನಮ್ಮ ಹಿರಿಯರು ನಡೆಸುತ್ತಿರಲಿಲ್ಲವೇ? ಹಾಗೆಯೇ ಇದು. ಆದರೆ ಮಣದ ಲೆಕ್ಕದಲ್ಲಿ ಕೈಯಲ್ಲಿ ಕಲ್ಲಾದರೂ ಇತ್ತು. ಬಿಸಿಯ ಲೆಕ್ಕದಲ್ಲಿ ಆ ಕಲ್ಲನ್ನೇ ಮೊದಲು ಹುಡುಕಬೇಕಾಯಿತು. ಹುಡುಕಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು.

ಇಟಲಿಯ ಗೆಲಿಲಿಯೋ ೧೫೯೦ರ ದಶಕದಲ್ಲಿ ಮಾಡಿದ ಉಪಕರಣದಲ್ಲಿ ಹಿಗ್ಗುತ್ತಿದ್ದುದು ಗಾಳಿ. ಮೇಲೆ ಗಾಜಿನ ಬುಡ್ಡಿ, ಕೆಳಗೆ ತೆರೆದ ಪಾತ್ರೆಯಲ್ಲಿ ನೀರು. ಬುಡ್ಡಿ ಬಿಸಿಯಾದರೆ ನೀರು ಇಳಿಯುವುದು. ನೋಡಲು ಚೆಂದ, ಆದರೆ ಹೊರಗಿನ ವಾಯುಭಾರ ಬದಲಾದರೂ ನೀರು ಏರಿಳಿಯುತ್ತಿತ್ತು. ಅಂದರೆ ಅದು ಎರಡು ಸಂಗತಿಗಳನ್ನು ಒಂದೇ ಬಾಯಿಂದ ಹೇಳುವ ಸಾಕ್ಷಿದಾರನಂತೆ, ಯಾವುದು ಯಾವುದೆಂದು ತಿಳಿಯದು.

ಈ ದೋಷವನ್ನು ತೆಗೆದವರು ಫ್ಲಾರೆನ್ಸ್ ನಗರದವರು. ಅಲ್ಲಿನ ಅರಸ ಎರಡನೆಯ ಫರ್ಡಿನಾಂಡೊ ಮೆಡಿಚಿಗೆ ವಿಜ್ಞಾನದ ಹುಚ್ಚು. ಆತನ ಆಶ್ರಯದಲ್ಲಿ ೧೬೫೦ರ ಹೊತ್ತಿಗೆ ಗಾಜಿನ ಕೆಲಸಗಾರರು ನಳಿಗೆಯೊಳಗೆ ಮದ್ಯಸಾರವನ್ನು ತುಂಬಿ ಬಾಯನ್ನು ಕರಗಿಸಿ ಮುಚ್ಚಿಬಿಟ್ಟರು. ಇನ್ನು ವಾಯುಭಾರದ ಉಪದ್ರವವಿಲ್ಲ. ಗೆರೆ ಕೊರೆಯುವ ಬದಲು ನಳಿಗೆಯ ಮೈಗೆ ಸಾಸಿವೆಯಂಥ ಗಾಜಿನ ಮಣಿಗಳನ್ನು ಅಂಟಿಸಿದರು: ಒಂದೊಂದು ಡಿಗ್ರಿಗೆ ಕರಿಮಣಿ, ಹತ್ತಕ್ಕೊಂದು ಬಿಳಿಮಣಿ. ಇವುಗಳಲ್ಲಿ ೫೦ ಡಿಗ್ರಿಯ ಮಾಪಕ ಪ್ರಸಿದ್ಧವಾದುದು. ೧೬೫೪ರಿಂದ ಈ ಮಾಪಕಗಳನ್ನು ಬೇರೆ ಬೇರೆ ಊರುಗಳಿಗೆ ಕಳುಹಿಸಿ, ದಿನಕ್ಕೆ ಹಲವು ಸಲ ನೋಡಿ ಬರೆದಿಡುವ ಏರ್ಪಾಡನ್ನು ಅರಸನು ಮಾಡಿದನು. ಪಿಸಾ, ಬೊಲೊನ್ಯ, ಮಿಲಾನ್ ಅಲ್ಲದೆ ದೂರದ ಪ್ಯಾರಿಸ್, ವಾರ್ಸಾ ನಗರಗಳೂ ಇದರಲ್ಲಿ ಸೇರಿದ್ದವು. ಹವೆಯನ್ನು ಹೀಗೆ ಊರೂರುಗಳಲ್ಲಿ ಒಂದೇ ರೀತಿಯ ಉಪಕರಣದಿಂದ ಬರೆದಿಟ್ಟುದು ಅದೇ ಮೊದಲು.

ಇಷ್ಟೆಲ್ಲ ಮಾಡಿದವರು ಒಂದು ಕೆಲಸವನ್ನು ಬಿಟ್ಟಿದ್ದರು. ಅವರ ಸೊನ್ನೆಗೆ ಹೊರಗಿನ ಆಧಾರವಿರಲಿಲ್ಲ. ಕುಶಲ ಕೆಲಸಗಾರನು ಒಂದು ಮಾಪಕಕ್ಕೆ ಸರಿಹೊಂದುವಂತೆ ಇನ್ನೊಂದನ್ನು ಊದಿ ಮಾಡುತ್ತಿದ್ದ, ಅಷ್ಟೇ. ಆ ಕೈ ಇರುವತನಕ ಎಲ್ಲ ಸರಿ. ೧೬೬೭ರಲ್ಲಿ ಫ್ಲಾರೆನ್ಸಿನ ವಿಜ್ಞಾನ ಮಂಡಳಿ ಮುಚ್ಚಿತು, ಮಾಪಕಗಳು ಒಡೆದವು, ಕಳೆದವು. ವಹಿಗಳಲ್ಲಿ ಸಾವಿರಾರು ಅಂಕೆಗಳು ಉಳಿದವು. ಅವುಗಳ ಅರ್ಥ ಹೇಳುವವರು ಯಾರೂ ಉಳಿಯಲಿಲ್ಲ. ಕಲ್ಲು ಕಳೆದುಹೋದ ತಕ್ಕಡಿಯ ಜಮಾಖರ್ಚು ಎಂದರೆ ಇದೇ.

೧೮೨೯ರಲ್ಲಿ ಫ್ಲಾರೆನ್ಸಿನಲ್ಲಿ ಹಳೆಯ ಸಾಮಾನಿನ ನಡುವೆ ಆ ಮಾಪಕಗಳು ಅನೇಕ ಸಿಕ್ಕಿದವು. ಗುಲ್ಯೆಲ್ಮೊ ಲಿಬ್ರಿ ಎಂಬ ಗಣಿತಜ್ಞನು ಅವುಗಳನ್ನು ಕರಗುವ ಬರ್ಫದಲ್ಲಿಟ್ಟು ನೋಡಿದನು: ಮದ್ಯಸಾರ ಹದಿಮೂರೂವರೆಯಲ್ಲಿ ನಿಂತಿತು. ಹೊಸ ಮಾಪಕದೊಡನೆ ಹೋಲಿಸಿ ಕೋಷ್ಟಕ ಮಾಡಿದನು. ೧೭೦ ವರ್ಷ ಮೂಕವಾಗಿ ಬಿದ್ದಿದ್ದ ಅಂಕೆಗಳು ಬಾಯಿಬಿಟ್ಟವು. ಫ್ಲಾರೆನ್ಸಿನ ಹವೆ ಅಂದಿನಿಂದ ಇಂದಿಗೆ ಹೆಚ್ಚು ಬದಲಾಗಿಲ್ಲವೆಂದು ಆತನು ಅವುಗಳಿಂದ ತೀರ್ಮಾನಿಸಿದನು. ವಾಚನಾಲಯದ ಪತ್ರಿಕೆಯಾದುದರಿಂದ ಈತನ ಮುಂದಿನ ಕಥೆಯನ್ನೂ ಹೇಳದೆ ಬಿಡಲಾರೆವು. ಲಿಬ್ರಿ ಎಂದರೆ ಇಟಲಿಯ ಭಾಷೆಯಲ್ಲಿ ಪುಸ್ತಕಗಳು. ಈ ಮಹಾನುಭಾವನನ್ನು ಫ್ರಾನ್ಸಿನ ಸರಕಾರವು ಗ್ರಂಥಾಲಯಗಳ ಹಸ್ತಪ್ರತಿಗಳನ್ನು ಪಟ್ಟಿ ಮಾಡುವ ಕೆಲಸಕ್ಕೆ ನೇಮಿಸಿತು. ಪಟ್ಟಿ ಮಾಡುತ್ತ ಮಾಡುತ್ತ ಆತ ಪುಸ್ತಕಗಳನ್ನೇ ಸಾಗಿಸಿದ. ೧೮೪೮ರಲ್ಲಿ ಇಂಗ್ಲೆಂಡಿಗೆ ಪಲಾಯನ. ೧೮೫೦ರಲ್ಲಿ, ಆಸಾಮಿ ಹಾಜರಿಲ್ಲದೆಯೇ, ಹತ್ತು ವರ್ಷದ ಶಿಕ್ಷೆ. ನಮ್ಮಲ್ಲಿ ಪುಸ್ತಕವನ್ನು ಒಂದು ವಾರ ತಡಮಾಡಿ ತರುವವರು ಇದನ್ನೋದಿ ಸಮಾಧಾನಪಟ್ಟುಕೊಳ್ಳಬಹುದು.

ಈಗ ಉತ್ತರಕ್ಕೆ, ಡೆನ್ಮಾರ್ಕಿಗೆ ಹೋಗೋಣ. ಅಲ್ಲಿನ ಖಗೋಳಶಾಸ್ತ್ರಜ್ಞ ಓಲೆ ರೋಮರ್, ಬೆಳಕಿಗೂ ಒಂದು ವೇಗವಿದೆಯೆಂದು ತೋರಿಸಿದ ಅದೇ ರೋಮರ್, ಕುದಿಯುವ ನೀರಿಗೆ ೬೦ ಎಂದೂ ಕರಗುವ ಬರ್ಫಕ್ಕೆ ಅದರ ಎಂಟನೆಯ ಒಂದು ಪಾಲಾದ ಏಳೂವರೆ ಎಂದೂ ಗುರುತು ಹಾಕಿದನು. ೧೭೦೮ರಲ್ಲಿ ಆತನನ್ನು ನೋಡಲು ಇಪ್ಪತ್ತೆರಡರ ಒಬ್ಬ ತರುಣ ಬಂದ. ಅವನೇ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್.

ಈ ಹುಡುಗನ ಕಥೆ ಪರಊರಿನಲ್ಲಿ ನೌಕರಿ ಮಾಡುವ ನಮ್ಮಂಥವರು ತಿಳಿಯತಕ್ಕದ್ದು. ಬಾಲ್ಟಿಕ್ ಸಮುದ್ರದ ಡಾನ್‌ಜಿಗ್ ಬಂದರಿನಲ್ಲಿ ೧೬೮೬ರಲ್ಲಿ ಜನನ. ೧೭೦೧ರಲ್ಲಿ ತಾಯಿತಂದೆ ಇಬ್ಬರೂ ವಿಷದ ಅಣಬೆ ತಿಂದು ಒಂದೇ ದಿನ ತೀರಿಕೊಂಡರು. ಪಾಲಕರು ಹುಡುಗನನ್ನು ವ್ಯಾಪಾರ ಕಲಿಯಲು ಆಮ್‌ಸ್ಟರ್‌ಡ್ಯಾಮಿನ ಒಂದು ಪೇಢಿಗೆ ಕಳುಹಿಸಿದರು. ಅವನಿಗೆ ಜಮಾಖರ್ಚಿನಲ್ಲಿ ಮನಸ್ಸು ನಿಲ್ಲಲಿಲ್ಲ; ಗಾಜು ಊದುವ ಅಂಗಡಿಗಳ ಕಡೆಗೆ ಕಾಲು ಎಳೆಯುತ್ತಿತ್ತು. ಸಾಲ ಮಾಡಿ ಪ್ರಯೋಗ ನಡೆಸಿದ. ಸಿಟ್ಟಾದ ಪಾಲಕರು ಇವನನ್ನು ಹಿಡಿದು ಡಚ್ಚರ ಪೂರ್ವ ಇಂಡಿಯಾ ಕಂಪನಿಯ ಹಡಗು ಹತ್ತಿಸಬೇಕೆಂದು ಹುಕುಮನ್ನೇ ತಂದರು. ಊರಿಂದೂರಿಗೆ ತಿರುಗುತ್ತ ಇವನು ಅದನ್ನು ತಪ್ಪಿಸಿಕೊಂಡ. ತಪ್ಪದಿದ್ದರೆ ನಮ್ಮ ಕಡೆಯ ಯಾವುದೋ ಬಂದರಿನಲ್ಲಿ ಕರಿಮೆಣಸಿನ ಮೂಟೆ ಎಣಿಸುತ್ತ ಅವನ ಜನ್ಮ ಕಳೆಯುತ್ತಿತ್ತೋ ಏನೋ.

ರೋಮರನ ಏಳೂವರೆ ಮುಂತಾದ ಭಿನ್ನರಾಶಿಗಳು ಫ್ಯಾರನ್‌ಹೀಟನಿಗೆ ಸೇರಲಿಲ್ಲ. ಏಳೂವರೆಯನ್ನು ಎಂಟು ಮಾಡಿ ನಾಲ್ಕರಿಂದ ಗುಣಿಸಿದ: ೩೨. ಮನುಷ್ಯನ ಮೈಯ ಬಿಸಿಯಾದ ಇಪ್ಪತ್ತೆರಡೂವರೆಯನ್ನು ಇಪ್ಪತ್ತನಾಲ್ಕು ಮಾಡಿ ನಾಲ್ಕರಿಂದ ಗುಣಿಸಿದ: ೯೬. ‘ಬರ್ಫಕ್ಕೆ ೩೨ ಎಂಬ ಈ ಹುಚ್ಚು ಅಂಕೆ ಎಲ್ಲಿಂದ ಬಂತು?’ ಎಂದು ಶಾಲೆಯಲ್ಲಿ ಕೇಳಿ ಪೆಟ್ಟು ತಿಂದವರಿಗೆ ಇದೇ ಉತ್ತರ. ೩೨ರಿಂದ ೯೬ಕ್ಕೆ ೬೪ ಪಾಲು. ಅರ್ಧ, ಅರ್ಧದ ಅರ್ಧ, ಹೀಗೆ ಆರು ಸಲ ಮಾಡಿದರೆ ಒಂದೊಂದು ಡಿಗ್ರಿಯ ಗೆರೆ ಕೈಗೆ ಬರುತ್ತದೆ. ಆಣೆ, ಅರ್ಧಾಣೆ, ಕಾಲಾಣೆಯ ಲೆಕ್ಕದಲ್ಲಿ ಬೆಳೆದ ಜನ ಇದನ್ನು ಹುಚ್ಚೆನ್ನಲಾರರು. ಬರ್ಫ, ನೀರು, ನವಸಾಗರ ಇವುಗಳನ್ನು ಕೂಡಿಸಿದಾಗ ಆಗುವ ತಂಪು ಅವನ ಸೊನ್ನೆ. ಇಷ್ಟನ್ನೂ ಅವನು ೧೭೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಅವನ ಮಾಪಕದಲ್ಲಿ ನೀರು ೨೧೨ರಲ್ಲಿ ಕುದಿಯಿತು. ಅವನ ತರುವಾಯದವರು ಮೈಯ ಬಿಸಿಯನ್ನು ಬಿಟ್ಟು ಈ ಕುದಿಬಿಂದುವನ್ನೇ ಸ್ಥಿರಬಿಂದುವಾಗಿ ಹಿಡಿದರು. ಆಗ ಮೈಯ ಬಿಸಿ ೯೬ರಿಂದ ಸರಿದು ೯೮ರ ಮೇಲಕ್ಕೆ ಬಂತು.

ಅವನ ನಿಜವಾದ ಹೆಚ್ಚುಗಾರಿಕೆ ಅಂಕೆಯಲ್ಲಿಲ್ಲ. ೧೭೧೪ರಲ್ಲಿ ಹಾಲೆ ನಗರದ ಪ್ರಾಧ್ಯಾಪಕ ಕ್ರಿಶ್ಚಿಯನ್ ವೋಲ್ಫ್ ಎಂಬವನಿಗೆ ಎರಡು ಮಾಪಕಗಳನ್ನು ಕೊಟ್ಟಿದ್ದನು. ಎರಡೂ ಎಲ್ಲೆಲ್ಲಿಟ್ಟರೂ ಒಂದೇ ಅಂಕೆ ತೋರಿಸಿದವು. ಪ್ರಾಧ್ಯಾಪಕನು ಆಶ್ಚರ್ಯಪಟ್ಟು ಅದನ್ನು ಪತ್ರಿಕೆಯಲ್ಲಿ ಬರೆದನು! ಎರಡು ಉಷ್ಣಮಾಪಕಗಳು ಒಂದೇ ಮಾತು ಹೇಳುವುದು ಆ ಕಾಲಕ್ಕೆ ಅಚ್ಚು ಹಾಕತಕ್ಕ ಸುದ್ದಿಯಾಗಿತ್ತು. ಬಳಿಕ ಫ್ಯಾರನ್‌ಹೀಟನು ಮದ್ಯಸಾರವನ್ನು ಬಿಟ್ಟು ಪಾದರಸ ಹಿಡಿದನು. ನಳಿಗೆ ಸಣ್ಣದಾಯಿತು, ಓದು ಚುರುಕಾಯಿತು. ೧೭೩೬ರಲ್ಲಿ ಹೇಗ್ ನಗರದಲ್ಲಿ ಅವನು ಸತ್ತಾಗ ಅವನ ಮಾಪಕಗಳು ಹಾಲೆಂಡ್, ಇಂಗ್ಲೆಂಡ್‌ಗಳಲ್ಲಿ ಮನೆಮಾತಾಗಿದ್ದವು. ಇಂಗ್ಲೆಂಡಿನಿಂದ ನಮಗೆ ಬಂದುವು.

ನ್ಯೂಟನ್ನನ ಮಾತನ್ನು ಇಲ್ಲಿ ಬೇಗ ಮುಗಿಸಬಹುದು. ಆತ ೧೭೦೧ರಲ್ಲಿ ಹೆಸರು ಹಾಕದೆ ಒಂದು ಲೇಖನ ಪ್ರಕಟಿಸಿ, ಅಗಸೆ ಎಣ್ಣೆಯ ಮಾಪಕದಲ್ಲಿ ಕರಗುವ ಹಿಮಕ್ಕೆ ಸೊನ್ನೆ, ಮನುಷ್ಯನ ಮೈಗೆ ೧೨ ಎಂದಿದ್ದನು. ಎಣ್ಣೆ ಗಾಜಿಗೆ ಅಂಟುವುದು, ನಿಧಾನ. ದೊಡ್ಡ ಹೆಸರಿದ್ದರೂ ಆ ಮಾಪಕ ನಡೆಯಲಿಲ್ಲ.

ಫ್ರಾನ್ಸಿನ ರೇಯೋಮೂರ್ ೧೭೩೦ರಲ್ಲಿ ಬೇರೆ ಹಾದಿ ಹಿಡಿದನು. ಬರ್ಫದ ತಂಪಿನಲ್ಲಿ ೧೦೦೦ ಪಾಲಿರುವ ಮದ್ಯಸಾರ ಬಿಸಿಯಲ್ಲಿ ೧೦೮೦ ಪಾಲಾಗುವುದೆಂದು ಕಂಡು ೮೦ ಡಿಗ್ರಿಯ ಮಾನ ಮಾಡಿದನು. ಮುಂದೆ ಇದು ಪಾದರಸಕ್ಕೆ ಬದಲಾಗಿ, ಬರ್ಫಕ್ಕೆ ಸೊನ್ನೆ, ಕುದಿಯುವ ನೀರಿಗೆ ೮೦ ಎಂದು ನೆಲೆಗೊಂಡಿತು. ಈಗ ಸತ್ತ ಮಾನಗಳಲ್ಲಿ ಅತಿ ದೀರ್ಘಾಯುಷಿ ಇದೇ ಎನ್ನಬಹುದು; ಫ್ರಾನ್ಸ್, ಜರ್ಮನಿ, ರಶಿಯಾ ದೇಶಗಳ ಹತ್ತೊಂಬತ್ತನೆಯ ಶತಮಾನದ ಪುಸ್ತಕಗಳಲ್ಲಿ ‘ಇಂದು ೨೫ ಡಿಗ್ರಿ ಸೆಕೆ’ ಎಂದು ಓದಿದರೆ ಅದು ರೇಯೋಮೂರ್ ಆಗಿರಬಹುದು, ಅಂದರೆ ನಮ್ಮ ಸೆಲ್ಸಿಯಸ್ ೩೧ರ ಮೇಲೆ. ಅನುವಾದ ಓದುವವರು ನೆನಪಿಡಿರಿ.

ರಶಿಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೌಕರಿಯಲ್ಲಿದ್ದ ಫ್ರೆಂಚ್ ಖಗೋಳಜ್ಞ ದಲೀಲ್ ೧೭೩೨ರಲ್ಲಿ ಮಾಡಿದ ಮಾನದಲ್ಲಿ ಕುದಿಯುವ ನೀರೇ ಸೊನ್ನೆ, ತಣ್ಣಗಾದಂತೆ ಅಂಕೆ ಹೆಚ್ಚುವುದು. ೧೭೩೮ರಲ್ಲಿ ವೈಟ್‌ಬ್ರೆಕ್ಟ್ ಎಂಬವನು ಅದನ್ನು ತಿದ್ದಿ ಬರ್ಫಕ್ಕೆ ೧೫೦ ಎಂದು ಗೊತ್ತುಪಡಿಸಿದನು. ನಮಗೆ ಇದು ತಲೆಕೆಳಗಾಗಿ ಕಂಡರೂ ಆ ಊರಿಗೆ ಅನುಕೂಲವೇ ಆಗಿತ್ತು. ಅಲ್ಲಿ ವರ್ಷದಲ್ಲಿ ಎಷ್ಟೋ ತಿಂಗಳು ಬರ್ಫಕ್ಕಿಂತ ತಂಪು; ‘ಸೊನ್ನೆಯ ಕೆಳಗೆ ಇಷ್ಟು’ ಎಂದು ಬರೆಯುವ ಕಾಟವಿಲ್ಲದೆ ಅಂಕೆಗಳು ನೇರವಾಗಿ ಏರುತ್ತ ಹೋಗುತ್ತಿದ್ದವು. ಸುಮಾರು ನೂರು ವರ್ಷ ರಶಿಯಾ ಇದನ್ನು ನಡೆಸಿತು.

ಉಪ್ಸಾಲದ ಆಂಡರ್ಸ್ ಸೆಲ್ಸಿಯಸ್ಸನೂ ೧೭೪೨ರಲ್ಲಿ ಇದೇ ರೀತಿ ತಲೆಕೆಳಗಾಗಿಯೇ ಎಣಿಸಿದನು: ಕುದಿಯುವ ನೀರು ಸೊನ್ನೆ, ಬರ್ಫ ೧೦೦. ಆದರೆ ಆತನು ಮಾಡಿದ ದೊಡ್ಡ ಕೆಲಸ ಬೇರೆ. ಬರ್ಫ ಕರಗುವ ಬಿಂದು ಎಲ್ಲ ಕಡೆಗೂ ಒಂದೇ, ಆದರೆ ಕುದಿಬಿಂದು ವಾಯುಭಾರದೊಡನೆ ಬದಲಾಗುತ್ತದೆ, ಆದುದರಿಂದ ಗುರುತು ಹಾಕುವಾಗ ವಾಯುಭಾರವನ್ನೂ ಹೇಳಬೇಕು ಎಂದು ಅಳೆದು ತೋರಿಸಿದನು. ಇದು ನಮಗೂ ಸಂಬಂಧಿಸಿದ ಮಾತು. ಸಮುದ್ರದ ಮಟ್ಟದ ಮುಂಬಯಿಯಲ್ಲಿ ನೀರು ೧೦೦ರಲ್ಲಿ ಕುದಿದರೆ, ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ೯೭ರ ಆಸುಪಾಸಿಗೆ ಕುದಿಯುತ್ತದೆ. ಅಲ್ಲಿನ ಕುದಿಯುವ ಎಸರು ಇಲ್ಲಿನ ಎಸರಿಗಿಂತ ಮೂರು ಡಿಗ್ರಿ ತಂಪು! ಬೆಂಗಳೂರಿನಲ್ಲಿ ಗುರುತು ಹಾಕಿದ ಮಾಪಕ ಮುಂಬಯಿಯಲ್ಲಿ ಸುಳ್ಳು ಹೇಳುವುದೆಂಬುದು ಇದರಿಂದ ಸ್ಪಷ್ಟ.

ಸೆಲ್ಸಿಯಸ್ಸನು ೧೭೪೪ರಲ್ಲಿ ನಲವತ್ತೆರಡನೆಯ ವಯಸ್ಸಿನಲ್ಲಿ ಕ್ಷಯದಿಂದ ಸತ್ತನು. ಅಂಕೆಯನ್ನು ತಿರುಗಿಸಿ ನಿಲ್ಲಿಸಿದವರು ಇತರರು. ಫ್ರಾನ್ಸಿನ ಲಿಯಾನ್ ಎಂಬ ರೇಷ್ಮೆ ನೆಯ್ಗೆಯ ಊರಿನ ಕ್ರಿಸ್ಟನ್ ಎಂಬವನು ೧೭೪೩ರಲ್ಲಿ ಸ್ವತಂತ್ರವಾಗಿಯೇ ಬರ್ಫಕ್ಕೆ ಸೊನ್ನೆ, ಕುದಿಯುವ ನೀರಿಗೆ ೧೦೦ ಎಂದಿದ್ದನು. ಉಪ್ಸಾಲದಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ೧೭೪೫ರಲ್ಲಿ ತನ್ನ ಗಾಜಿನ ಮನೆಯ ಗಿಡಗಳಿಗಾಗಿ ಅಂಥದೇ ಮಾಪಕ ಮಾಡಿಸಿದನು. ಈ ಮಾನಕ್ಕೆ ‘ಸೆಂಟಿಗ್ರೇಡ್’ ಎಂಬ ಹೆಸರನ್ನು ಬಿಟ್ಟು ‘ಸೆಲ್ಸಿಯಸ್’ ಎಂದೇ ಕರೆಯಬೇಕೆಂದು ಅಂತರರಾಷ್ಟ್ರೀಯ ತೂಕ-ಅಳತೆ ಸಮ್ಮೇಳನವು ೧೯೪೮ರಲ್ಲಿ ಗೊತ್ತುಮಾಡಿತು. ನಮ್ಮ ದೇಶದಲ್ಲಿ ದಶಮಾನ ಪದ್ಧತಿಯ ಕಾಯ್ದೆ ಬಂದುದು ೧೯೫೬ರಲ್ಲಿ.

ಇಷ್ಟರವರೆಗೆ ಕುದಿಯುವ ನೀರಿನ ಆಚೀಚೆಯ ಮಾತಾಯಿತು. ಕುಂಬಾರನ ಆವಿಗೆಯ ಬಿಸಿಯನ್ನು ಅಳೆಯುವುದು ಹೇಗೆ? ಅಲ್ಲಿ ಪಾದರಸ ಕುದಿದು ಆವಿಯಾಗುತ್ತದೆ, ಗಾಜೇ ಕರಗುತ್ತದೆ. ಇಂಗ್ಲೆಂಡಿನ ಹೆಸರಾಂತ ಕುಂಬಾರ ಜೊಸಾಯಾ ವೆಜ್‌ವುಡ್ ಈ ತೊಡಕನ್ನು ದಿನವೂ ಕಾಣುತ್ತಿದ್ದವನು. ಬೆಂಕಿ ಸ್ವಲ್ಪ ಹೆಚ್ಚಾದರೆ ಇಡೀ ಆವಿಗೆಯ ಮಾಲು ಹಾಳು. ‘ಕೆಂಪು ಬಿಸಿ’, ‘ಬಿಳಿ ಬಿಸಿ’ ಎಂಬ ಮಾತುಗಳಿಂದ ಕೆಲಸ ನಡೆಯುತ್ತಿರಲಿಲ್ಲ, ಏಕೆಂದರೆ ನಿನ್ನ ಕೆಂಪು ನನ್ನ ಕೆಂಪಲ್ಲ. ಮಣ್ಣು ಸುಟ್ಟಷ್ಟೂ ಕುಗ್ಗುವುದೆಂಬುದನ್ನು ಎಲ್ಲ ಕುಂಬಾರರೂ ಬಲ್ಲರು. ಆತನು ಅದನ್ನೇ ಉಪಯೋಗಿಸಿದನು. ಒಂದೇ ಅಳತೆಯ ಮಣ್ಣಿನ ಸಣ್ಣ ತುಂಡುಗಳನ್ನು ಮಾಡಿ ಆವಿಗೆಯಲ್ಲಿಡುವುದು. ತೆಗೆದ ಮೇಲೆ, ಕಿರಿದಾಗುತ್ತ ಹೋಗುವ ಹಿತ್ತಾಳೆಯ ಸಂದಿನಲ್ಲಿ ಅದನ್ನು ಜಾರಿಸುವುದು. ಎಷ್ಟು ಕುಗ್ಗಿದೆಯೋ ಅಷ್ಟು ಒಳಕ್ಕೆ ಹೋಗುತ್ತದೆ. ನಿಂತ ಕಡೆಯ ಅಂಕೆಯೇ ವೆಜ್‌ವುಡ್ ಡಿಗ್ರಿ. ೧೭೮೨ರಲ್ಲಿ ರಾಯಲ್ ಸೊಸೈಟಿಗೆ ಇದನ್ನು ತಿಳಿಸಿದನು, ಮರುವರ್ಷ ಆ ಸಂಸ್ಥೆಯ ಸದಸ್ಯನಾದನು.

ಕಾರಖಾನೆಯ ಒಳಗೆ ಇದು ಒಳ್ಳೆಯ ಉಪಕರಣವೇ. ಇಂದಿನ ಆವಿಗೆ ನಿನ್ನೆಯ ಆವಿಗೆಯಷ್ಟು ಕಾದಿದೆಯೇ ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಡುತ್ತಿತ್ತು. ತೊಂದರೆ ಬಂದುದು ಅದನ್ನು ಫ್ಯಾರನ್‌ಹೀಟಿಗೆ ಜೋಡಿಸಹೋದಾಗ. ನಡುವೆ ಒಂದು ಬೆಳ್ಳಿಯ ತುಂಡಿನ ಹಿಗ್ಗುವಿಕೆಯನ್ನು ಸೇತುವೆ ಮಾಡಿಕೊಂಡು, ತನ್ನ ಒಂದು ಡಿಗ್ರಿಗೆ ಫ್ಯಾರನ್‌ಹೀಟಿನ ೧೩೦ ಡಿಗ್ರಿ ಎಂದು ಲೆಕ್ಕ ಹಾಕಿದನು. ಆ ಲೆಕ್ಕದಂತೆ ಎರಕದ ಕಬ್ಬಿಣ ಕರಗಲು ೧೭,೯೭೭ ಡಿಗ್ರಿ ಫ್ಯಾರನ್‌ಹೀಟ್ ಬೇಕು. ನಿಜಕ್ಕೆ ಬೇಕಾದುದು ೨,೨೦೦ರ ಆಸುಪಾಸು. ೧೭,೯೭೭ ಎಂದರೆ ಸೂರ್ಯನ ಮೇಲ್ಮೈಯ ಬಿಸಿಗಿಂತ ಎಷ್ಟೋ ಹೆಚ್ಚು! ಆದರೂ ಬಹಳ ವರ್ಷ ಈ ಅಂಕೆಗಳು ಪುಸ್ತಕದಿಂದ ಪುಸ್ತಕಕ್ಕೆ ಇಳಿದವು, ಏಕೆಂದರೆ ಅಷ್ಟು ಬಿಸಿಯನ್ನು ಬೇರೆ ರೀತಿಯಿಂದ ಅಳೆದು ನೋಡುವವರು ಇರಲಿಲ್ಲ. ವೆಜ್‌ವುಡ್ಡನನ್ನು ನಗೆಗೀಡು ಮಾಡುವುದು ನಮಗೆ ಸರಿಕಾಣುವುದಿಲ್ಲ. ಅವನ ಮಣ್ಣು ಸುಳ್ಳು ಹೇಳಲಿಲ್ಲ. ಒಂದು ಮಾನದಿಂದ ಇನ್ನೊಂದಕ್ಕೆ ದಾಟಿಸುವ ಲೆಕ್ಕ ಕೈಕೊಟ್ಟಿತು.

ಅದೇ ದಾಟಿಸುವ ಲೆಕ್ಕ ನಮ್ಮ ಮನೆಯ ಜ್ವರದ ಮಾಪಕದಲ್ಲಿಯೂ ಒಂದು ಗುರುತು ಬಿಟ್ಟಿದೆ. ಜರ್ಮನಿಯ ಲೈಪ್ಜಿಗ್ ನಗರದ ವೈದ್ಯ ವುಂಡರ್‌ಲಿಖ್ ಸುಮಾರು ೨೫,೦೦೦ ರೋಗಿಗಳ ಬಗಲಿನ ಬಿಸಿಯನ್ನು ಲಕ್ಷಾಂತರ ಸಲ ನೋಡಿ, ೧೮೬೮ರ ತನ್ನ ಗ್ರಂಥದಲ್ಲಿ ಆರೋಗ್ಯವಂತನ ಬಿಸಿ ೩೭ ಸೆಲ್ಸಿಯಸ್ ಎಂದು ಬರೆದನು. ಅವನ ಮಾಪಕ ಒಂದು ಅಡಿ ಉದ್ದ, ನೋಡಲು ಕಾಲು ಗಂಟೆ ಹಿಡಿಯುತ್ತಿತ್ತು. ಜೇಬಿನಲ್ಲಿ ಹಿಡಿಯುವ ಆರಿಂಚಿನ, ಐದು ನಿಮಿಷದ ಮಾಪಕವನ್ನು ಇಂಗ್ಲೆಂಡಿನ ಡಾಕ್ಟರ್ ಆಲ್‌ಬಟ್ ೧೮೬೭ರ ಹೊತ್ತಿಗೆ ಮಾಡಿಸಿದನು. ವುಂಡರ್‌ಲಿಖ್ಖನ ೩೭ ಎಂಬುದು ಸ್ಥೂಲವಾದ ಅಂಕೆ. ಅದನ್ನು ಫ್ಯಾರನ್‌ಹೀಟಿಗೆ ದಾಟಿಸಿದಾಗ ೯೮.೬ ಎಂಬ ಸೂಕ್ಷ್ಮ ಕಾಣುವ ಅಂಕೆ ಹುಟ್ಟಿತು. ಜನರು ಆ ದಶಾಂಶವನ್ನು ಪ್ರಕೃತಿಯೇ ಬರೆದದ್ದೆಂದು ನಂಬಿದರು. ಬ್ರಿಟಿಷರ ಕಾಲದ ಮಾಪಕಗಳಲ್ಲಿ ೯೮.೪ಕ್ಕೆ ಬಾಣದ ಗುರುತು ಇರುತ್ತಿತ್ತು. ೧೯೯೨ರಲ್ಲಿ ಅಮೆರಿಕದಲ್ಲಿ ೧೪೮ ಆರೋಗ್ಯವಂತರನ್ನು ಪರೀಕ್ಷಿಸಿದಾಗ ಸರಾಸರಿ ೯೮.೨ ಬಂತು. ಅಲ್ಲಿನ ಒಂದು ವಸ್ತುಸಂಗ್ರಹಾಲಯದಲ್ಲಿ ಉಳಿದಿರುವ ವುಂಡರ್‌ಲಿಖ್ಖನ ಮಾಪಕವನ್ನು ನೋಡಿದರೆ ಅದು ಒಂದು ಸೆಲ್ಸಿಯಸ್ ಡಿಗ್ರಿಗೂ ಮಿಕ್ಕಿ ಹೆಚ್ಚು ತೋರಿಸುತ್ತಿತ್ತು. ಆದುದರಿಂದ ೯೮.೮ ಬಂತೆಂದು ರಜೆಯ ಚೀಟಿ ಬರೆಯುವುದೂ ಬೇಡ, ೯೭.೯ ಎಂದು ಹೆದರುವುದೂ ಬೇಡ. ಮನುಷ್ಯರು ಬೆಳಿಗ್ಗೆ ಸ್ವಲ್ಪ ತಂಪು, ಸಂಜೆ ಸ್ವಲ್ಪ ಬಿಸಿ.

ಈಗ ಮೊದಲು ಹೇಳಿದ ಮಾತು. ಮೊನ್ನೆಯ ಮಳೆಗಾಲದಲ್ಲಿ ನಮ್ಮ ಚಾಳಿನ ಒಂದು ಖೋಲಿಯಲ್ಲಿ ಎರಡು ವರ್ಷದ ಮಗುವಿಗೆ ಜ್ವರ. ತಂದೆಗೆ ರಾತ್ರಿಪಾಳಿ. ತಾಯಿ ಹೊಸದಾಗಿ ತಂದ, ಅಂಕೆ ತೋರಿಸುವ ಮಾಪಕವನ್ನು ಇಟ್ಟು ನೋಡಿದಳು: ೩೯.೪. ಊರಲ್ಲಿದ್ದಾಗಿನಿಂದ ಅವಳಿಗೆ ಗೊತ್ತಿದ್ದುದು ನೂರರ ಮೇಲೆ ಹೋದರೆ ಜ್ವರ ಎಂದು. ನೂರಕ್ಕೆ ಇನ್ನೂ ಬಹಳ ದೂರವಿದೆಯಲ್ಲಾ ಎಂದು ಬೆಳಗಿನ ತನಕ ಕಾದಳು. ೩೯.೪ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ೧೦೩ಕ್ಕೆ ಸಮೀಪ. ಬೆಳಿಗ್ಗೆ ಡಾಕ್ಟರರಲ್ಲಿಗೆ ಓಡಿದರು. ಮಗು ಉಳಿಯಿತು, ಈಗ ಚಾಳಿನ ಮೆಟ್ಟಿಲುಗಳ ಮೇಲೆಲ್ಲ ಓಡುತ್ತಿದೆ. ತಾಯಿಯದು ತಪ್ಪೆಂದು ನಾವು ಹೇಳುವುದಿಲ್ಲ. ಅಂಕೆಯ ಪಕ್ಕದಲ್ಲಿ ಒಂದು ಸಣ್ಣ ಇಂಗ್ಲಿಷ್ ಅಕ್ಷರವಿರುತ್ತದೆ. ಅರ್ಧಚಂದ್ರದಂತೆ ಬಲಕ್ಕೆ ಬಾಯಿ ತೆರೆದಿದ್ದರೆ ಸೆಲ್ಸಿಯಸ್. ನೆಟ್ಟ ಕಂಬಕ್ಕೆ ಬಲಗಡೆ ಎರಡು ಅಡ್ಡಪಟ್ಟಿ ಹೊಡೆದಂತಿದ್ದರೆ ಫ್ಯಾರನ್‌ಹೀಟ್. ಅಷ್ಟನ್ನು ಮನೆಯವರಿಗೆ ತೋರಿಸಿಕೊಡಿರಿ. ಅಕ್ಷರ ಕಾಣದಿದ್ದರೂ ಒಂದು ಉಪಾಯವಿದೆ: ಜೀವಂತ ಮನುಷ್ಯನ ಮಾಪಕದಲ್ಲಿ ಅಂಕೆ ಮೂವತ್ತು ನಲವತ್ತರ ನಡುವೆ ಇದ್ದರೆ ಅದು ಸೆಲ್ಸಿಯಸ್ಸೇ ಸರಿ. ೩೮ಕ್ಕೆ ೧೦೦.೪, ೩೯ಕ್ಕೆ ೧೦೨.೨, ೪೦ಕ್ಕೆ ೧೦೪. ಈ ಮೂರನ್ನು ಬಾಗಿಲ ಹಿಂದೆ ಸೀಸದ ಕಡ್ಡಿಯಿಂದ ಬರೆದಿಟ್ಟರೂ ಸಾಕು.

ಹಳೆಯ ಪಾದರಸದ ಮಾಪಕ ಮನೆಯಲ್ಲಿದ್ದರೆ ಒಡೆಯದಂತೆ ನೋಡಿಕೊಳ್ಳಬೇಕು. ೨೦೧೩ರ ಮಿನಮಾಟಾ ಒಪ್ಪಂದದಂತೆ ದೇಶಗಳು ಪಾದರಸದ ಸಾಮಾನುಗಳನ್ನು ಕೈಬಿಡಲು ಒಪ್ಪಿವೆ. ಭಾರತ ೨೦೧೮ರಲ್ಲಿ ಅದನ್ನು ಅಂಗೀಕರಿಸಿತು. ಒಡೆದರೆ ಕಸಬರಿಗೆಯಿಂದ ಗುಡಿಸಬೇಡಿರಿ, ಹನಿಗಳು ಚೂರಾಗಿ ಹರಡುತ್ತವೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಮಾಡಿ ಮುಚ್ಚಳದ ಬಾಟಲಿಗೆ ಹಾಕಿರಿ.

ಕೊನೆಗೆ ಲೆಕ್ಕ. ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್ಸಿಗೆ ೩೨ ಕಳೆದು, ೫ರಿಂದ ಗುಣಿಸಿ, ೯ರಿಂದ ಭಾಗಿಸುವುದು. ರೇಯೋಮೂರಿನಿಂದಾದರೆ ನಾಲ್ಕಕ್ಕೆ ಐದು, ಕಳೆಯುವುದೇನೂ ಇಲ್ಲ. ದಲೀಲನ ಅಂಕೆಯಾದರೆ ಅದರ ಮೂರರಲ್ಲಿ ಎರಡು ಪಾಲನ್ನು ನೂರರಿಂದ ಕಳೆಯುವುದು. ಇದು ಪುಸ್ತಕದಲ್ಲಿ ಇದ್ದೇ ಇದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಎಚ್ಚರಿಕೆಯನ್ನು ಗಿರಣಿಯವರಿಗೆ ಹೇಳಬೇಕಾಗಿದೆ. ನೆಯ್ಗೆ ಖಾತೆಯಲ್ಲಿ ಹವೆ ಒಣಗಿದರೆ ಎಳೆ ಹರಿಯುವುದು. ಅದಕ್ಕಾಗಿ ತೇವ ಊದುತ್ತಾರೆ. ತೇವ ಮಿತಿಮೀರಿದರೆ ಬೆವರು ಆರದೆ ಕೆಲಸಗಾರನ ಜೀವ ಹೋಗುವುದು. ಆದುದರಿಂದಲೇ ೧೯೪೮ರ ಕಾರಖಾನೆ ಕಾಯ್ದೆಯಲ್ಲಿ ಕೃತಕ ತೇವಕ್ಕೆ ಒಂದು ಪ್ರತ್ಯೇಕ ಕಲಮನ್ನೇ ಇಟ್ಟಿದ್ದರು. ಗೋಡೆಗೆ ಎರಡು ಮಾಪಕಗಳ ಜೋಡಿ ತೂಗುಹಾಕಿರುತ್ತಾರೆ. ಒಂದರ ಬುಡ್ಡಿ ಒಣಗಿರುತ್ತದೆ, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ನೀರು ಆರುವಾಗ ಒದ್ದೆಯದು ತಣ್ಣಗಾಗುವುದು. ಎರಡರ ಅಂತರ ಕಡಿಮೆಯಾದಷ್ಟೂ ಹವೆಯಲ್ಲಿ ತೇವ ಹೆಚ್ಚು. ಒಣದು ೯೫, ಒದ್ದೆಯದು ೮೬ ಫ್ಯಾರನ್‌ಹೀಟ್ ಇದ್ದರೆ ಅಂತರ ೯. ಸೆಲ್ಸಿಯಸ್ಸಿನಲ್ಲಿ ಅವು ೩೫ ಮತ್ತು ೩೦, ಅಂತರ ೫. ನಾವು ಕಂಡ ಒಂದು ವಹಿಯಲ್ಲಿ ಯಾರೋ ಜಾಣರು ಆ ೯ಕ್ಕೂ ೩೨ ಕಳೆದು, ಅಂತರ ‘ಋಣ ೧೨.೮’ ಎಂದು ಬರೆದಿದ್ದರು. ಕೆಳಗೆ ಮೇಲಿನವರ ಸಹಿಯೂ ಬಿದ್ದಿತ್ತು! ಬಿಂದುವನ್ನು ದಾಟಿಸುವಾಗ ೩೨ ಕಳೆಯಬೇಕು. ಅಂತರವನ್ನು ದಾಟಿಸುವಾಗ ಕಳೆಯಬಾರದು, ಬರೇ ಒಂಬತ್ತಕ್ಕೆ ಐದು. ೩೨ ಎಂಬುದು ಸೊನ್ನೆಯ ಜಾಗದ ಜಗಳ. ಅಂತರಕ್ಕೆ ಸೊನ್ನೆಯ ಹಂಗಿಲ್ಲ. ಭೂಮಿಯ ಹವೆ ಎರಡು ಸೆಲ್ಸಿಯಸ್ ಏರುವುದೆಂದರೆ ೩.೬ ಫ್ಯಾರನ್‌ಹೀಟ್ ಏರುವುದೆಂದು ಅರ್ಥ, ೩೫.೬ ಅಲ್ಲ.

ನಿಜವಾದ ಸೊನ್ನೆ ಒಂದಿದೆಯೇ ಎಂದು ಕೇಳುವವರಿಗೆ: ಇದೆ. ಅದನ್ನು ೧೮೪೮ರಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಆಧಾರಮಾಡಿಕೊಂಡನು. ಅದು ಸೆಲ್ಸಿಯಸ್ ಸೊನ್ನೆಯ ಕೆಳಗೆ ೨೭೩.೧೫ರಲ್ಲಿದೆ. ೨೦೧೯ರ ಮೇ ೨೦ರಿಂದ ಕೆಲ್ವಿನ್ ಡಿಗ್ರಿಗೆ ನೀರಿನ ಆಧಾರವೂ ಇಲ್ಲ. ಅದರ ಪಾಠ ಪ್ರತ್ಯೇಕವಾಗಿಯೇ ಆಗಬೇಕು.

ಅಭ್ಯಾಸಕ್ಕೆ ನಾಲ್ಕು ಲೆಕ್ಕ. ಹಳೆಯ ಪೀಟರ್ಸ್‌ಬರ್ಗಿನ ಒಂದು ಕೋಣೆಯಲ್ಲಿ ದಲೀಲ್ ಮಾಪಕ ೧೨೦ ತೋರಿಸುತ್ತಿದೆ. ಅಲ್ಲಿ ಕುಳಿತವನಿಗೆ ಕಂಬಳಿ ಬೇಕೇ ಬೇಡವೇ? ಒಬ್ಬನು ಹಾಲನ್ನು ರೇಯೋಮೂರ್ ೨೮ಕ್ಕೆ ಬೆಚ್ಚಗೆ ಮಾಡಿದರೆ ಫ್ಯಾರನ್‌ಹೀಟಿನಲ್ಲಿ ಎಷ್ಟು? ಒಣ ಬುಡ್ಡಿಗೂ ಒದ್ದೆ ಬುಡ್ಡಿಗೂ ಸೆಲ್ಸಿಯಸ್ಸಿನಲ್ಲಿ ೪ರ ಅಂತರವಿದ್ದರೆ ಫ್ಯಾರನ್‌ಹೀಟಿನಲ್ಲಿ ಎಷ್ಟು ಅಂತರ? ಕೊನೆಯದು ಸ್ವಲ್ಪ ಕಠಿಣ: ಸೆಲ್ಸಿಯಸ್ ಮತ್ತು ದಲೀಲ್ ಎರಡೂ ಒಂದೇ ಅಂಕೆ ತೋರಿಸುವುದು ಎಷ್ಟರಲ್ಲಿ? ಉತ್ತರಗಳನ್ನು ರವಿವಾರ ಸಂಜೆಯ ಪಾಠಕ್ಕೆ ತನ್ನಿರಿ. ಭಿನ್ನರಾಶಿ ಮರೆತವರೂ ಬರಬಹುದು, ಕೂಡಿ ಮಾಡೋಣ. ಪಾಟಿ ಮತ್ತು ಬಳಪ ವಾಚನಾಲಯದಲ್ಲಿವೆ.